ಈಜು ಬಾರದ ಟೀಚರ್ ಈಜುಕೊಳದಲ್ಲಿ ಮಕ್ಕಳನ್ನು ಕಾಯಬಹುದೇ?

ಪ್ರಶ್ನೆ: ನಾನು ನಾಲ್ಕನೇ ತರಗತಿಯ ಕ್ಲಾಸ್ ಟೀಚರ್. ವಾರಕ್ಕೊಮ್ಮೆ 34 ಮಕ್ಕಳನ್ನು ಶಾಲೆಯ ಹೊರಗಿನ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಇಬ್ಬರು ಕೋಚ್, ಒಬ್ಬ ಲೈಫ್‌ಗಾರ್ಡ್ ಇದ್ದಾರೆ. ನಾನು ಮತ್ತು ಇನ್ನೊಬ್ಬ ಟೀಚರ್ ಜೊತೆಗೆ ಹೋಗುತ್ತೇವೆ. ನನಗೆ ಈಜು ಬರುವುದಿಲ್ಲ. ಇಷ್ಟು ದಿನ ಬೆಂಚಿನ ಮೇಲೆ ಕೂತು ನೋಟ್‌ಬುಕ್ ತಿದ್ದುತ್ತಿದ್ದೆ. ಹೋದ ವಾರ ಒಬ್ಬ ಹುಡುಗ ನೀರು ಕುಡಿದು, ಕೆಮ್ಮುತ್ತಾ, ಅಳುತ್ತಾ ದಡಕ್ಕೆ ಬಂದ. ಅವನಿಗೆ ಏನಾಯಿತೆಂದು ನಮ್ಮ ಐದು ಜನರಲ್ಲಿ ಒಬ್ಬರೂ ನೋಡಿರಲಿಲ್ಲ. ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಮುಂದಿನ ತಿಂಗಳು ಇದೇ ಮಕ್ಕಳನ್ನು ಕೆರೆಯೊಂದರ ಬಳಿ ಪ್ರವಾಸಕ್ಕೂ ಕರೆದೊಯ್ಯಬೇಕು, ನಾಲ್ಕು ಜನ ಟೀಚರ್‌ಗಳು. "ನೀವಿಷ್ಟು ಜನ ಇರುವಾಗ ಏನು ಭಯ" ಅನ್ನುತ್ತಾರೆ ನಮ್ಮ ಮುಖ್ಯೋಪಾಧ್ಯಾಯರು. ಈಜು ಬಾರದ ನಾನು ಅಲ್ಲಿ ನಿಜವಾಗಿ ಏನು ಮಾಡಬೇಕು?

ಉತ್ತರ: ಕಾಯಬಹುದು ಮೇಡಂ. ಈಜು ಬಾರದವರೂ ದಡದಿಂದ ಚೆನ್ನಾಗಿ ಕಾಯಬಹುದು. ಎಷ್ಟೇ ಚೆನ್ನಾಗಿ ಈಜುವವರಾದರೂ ತಲೆ ತಗ್ಗಿಸಿ ನೋಟ್‌ಬುಕ್ ತಿದ್ದುತ್ತಿದ್ದರೆ ಕಾಯಲಾರರು. ಮುಂದಿನ ವಾರದಿಂದ ಆ ನೋಟ್‌ಬುಕ್‌ಗಳು ಶಾಲೆಯಲ್ಲೇ ಇರಲಿ.

ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ಮಕ್ಕಳಿಗೆ ಈಜು ಕಲಿಸುತ್ತಾ, ಶಾಲೆಯವರಿಗೆ ನೀರಿನ ಸುರಕ್ಷತೆ ಹೇಳಿಕೊಡುತ್ತಾ ಇಪ್ಪತ್ತು ವರ್ಷ ದಾಟಿದೆ. ಜೊತೆಗೆ ಬರುವ ಟೀಚರ್‌ಗಳಿಗೆ ಅವರ ಕೆಲಸವೇನೆಂದು ಮೊದಲೇ ಹೇಳಿ ಕಳಿಸಿದ ಶಾಲೆಗಳನ್ನು ಬೆರಳಲ್ಲಿ ಎಣಿಸಬಹುದು. "ಮಕ್ಕಳ ಜೊತೆ ಹೋಗಿ" ಅಂದಿರುತ್ತಾರೆ, ಅವರು ಹೋಗಿರುತ್ತಾರೆ. ನಿಮ್ಮ ಮುಖ್ಯೋಪಾಧ್ಯಾಯರ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಈಜುಕೊಳದ ದಡದಲ್ಲಿ ಅದು ಅಕ್ಷರಶಃ ನಿಜ. ಲೈಫ್‌ಗಾರ್ಡ್ ಇದ್ದಾರೆಂದು ಕೋಚ್, ಕೋಚ್ ಇದ್ದಾರೆಂದು ಟೀಚರ್, ಟೀಚರ್‌ಗಳೇ ಬಂದಿದ್ದಾರೆಂದು ಲೈಫ್‌ಗಾರ್ಡ್. ಹೋದ ವಾರ ನಿಮ್ಮಲ್ಲಿ ಆದದ್ದು ಇದೇ ಇರಬೇಕು. ಐದು ಜನ ಅಲ್ಲಿದ್ದಿರಿ, ಆ ಹುಡುಗನನ್ನು ನೋಡುವ ಕೆಲಸ ಮಾತ್ರ ಯಾರ ಹೆಸರಿನಲ್ಲೂ ಇರಲಿಲ್ಲ.

ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ, ನೀರು ಎರಚಾಡುತ್ತದೆ ಎಂದು ಹೆಚ್ಚಿನವರ ಮನಸ್ಸಿನಲ್ಲಿದೆ. ಕಿವಿ ತೆರೆದಿಟ್ಟುಕೊಂಡರೆ ಸಾಕು, ಗಲಾಟೆ ಕೇಳಿದಾಗ ತಲೆಯೆತ್ತಿ ನೋಡಬಹುದು ಅನ್ನುವ ಧೈರ್ಯ ಬರುವುದೂ ಅದರಿಂದಲೇ. ಫ್ರಾನ್ಸೆಸ್ಕೊ ಪಿಯಾ ಎಂಬ ಅಮೆರಿಕದ ಲೈಫ್‌ಗಾರ್ಡ್ 1970ರ ಆಸುಪಾಸಿನಲ್ಲಿ ನ್ಯೂಯಾರ್ಕ್‌ನ ಆರ್ಚರ್ಡ್ ಬೀಚಿನಲ್ಲಿ ನಿಜವಾಗಿ ಮುಳುಗುತ್ತಿದ್ದವರ ಚಿತ್ರೀಕರಣ ಮಾಡಿ ನೋಡಿದರು. ಅಲ್ಲಿ ಕಂಡದ್ದು ಬೇರೆಯೇ. ಮುಳುಗುತ್ತಿರುವವರು ಕೂಗುವುದಿಲ್ಲ, ಏಕೆಂದರೆ ಮಾತಿಗಿಂತ ಮೊದಲು ಉಸಿರು ಬೇಕು, ಬಾಯಿ ನೀರಿನ ಮೇಲೆ ಬರುವ ಆ ಒಂದು ಕ್ಷಣ ಉಸಿರಿಗೇ ಸಾಲುವುದಿಲ್ಲ. ಕೈ ಬೀಸುವುದೂ ಇಲ್ಲ. ಎರಡೂ ಕೈ ತಾವಾಗಿಯೇ ಅಗಲಕ್ಕೆ ಚಾಚಿಕೊಂಡು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ. ಈ ಸ್ಥಿತಿ ಮೇಲ್ಮೈಯಲ್ಲಿ ಉಳಿಯುವುದು 20ರಿಂದ 60 ಸೆಕೆಂಡ್ ಎಂದು ಪಿಯಾ ಲೆಕ್ಕ ಹಾಕಿದರು. ಚಿಕ್ಕ ಮಕ್ಕಳಲ್ಲಿ ಕಡಿಮೆ ಸಮಯದ ಕಡೆಗೇ ಇಟ್ಟುಕೊಳ್ಳಿ. ಒಂದು ಪುಟ ತಿದ್ದಿ, ಸಹಿ ಹಾಕಿ, ಮುಂದಿನ ಪುಸ್ತಕ ತೆಗೆಯುವಷ್ಟು ಹೊತ್ತು.

ನಾನೇ ಕಂಡ ಒಂದನ್ನು ಹೇಳುತ್ತೇನೆ. ಕಲಿಸಲು ಶುರುಮಾಡಿದ ಆರಂಭದ ವರ್ಷಗಳು. ಎದೆಮಟ್ಟದ ನೀರು, ಹನ್ನೊಂದು ಮಕ್ಕಳು, ನಾನು ನೀರಿನಲ್ಲೇ ನಿಂತು ಒಬ್ಬಳಿಗೆ ತೇಲುವುದನ್ನು ಹೇಳಿಕೊಡುತ್ತಿದ್ದೆ. ನನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಎಂಟು ವರ್ಷದ ಒಬ್ಬ ಹುಡುಗ ಇದ್ದ. ನಾನು ತಿರುಗಿದ್ದು ಕಿಕ್‌ಬೋರ್ಡ್, ಅಂದರೆ ಹಿಡಿದು ತೇಲುವ ಹಲಗೆ, ಎಳೆದುಕೊಳ್ಳಲು. ಅವನ ಗಲ್ಲ ಮೇಲಕ್ಕೆ ಎತ್ತಿಕೊಂಡಿತ್ತು, ಬಾಯಿ ಸರಿಯಾಗಿ ನೀರಿನ ಮಟ್ಟಕ್ಕೆ, ಒದ್ದೆ ಕೂದಲು ಕಣ್ಣಿನ ಮೇಲೆ. ಕೂದಲನ್ನು ಸರಿಸಿಕೊಳ್ಳುತ್ತಿರಲಿಲ್ಲ. ಅದೇ ನನಗೆ ಹೊಳೆದದ್ದು: ಯಾವ ಮಗುವಾದರೂ ಕಣ್ಣಿಗೆ ಬಿದ್ದ ಕೂದಲನ್ನು ಸರಿಸಿಕೊಳ್ಳುತ್ತದೆ. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ, ಕೆಮ್ಮಿದ, ಆಮೇಲೆ ಅತ್ತ. ಅಷ್ಟರವರೆಗೆ ಅವನಿಂದ ಒಂದು ಸದ್ದೂ ಬಂದಿರಲಿಲ್ಲ. ದಡದಲ್ಲಿ ಮೂವರು ದೊಡ್ಡವರು ನಿಂತು ಮಾತಾಡುತ್ತಿದ್ದರು. ಅವರೆಲ್ಲ ಒಳ್ಳೆಯವರೇ, ಆ ಮಗುವನ್ನು ಪ್ರೀತಿಸುವವರೇ. ಅವತ್ತಿನಿಂದ ನನ್ನ ತರಗತಿಯಲ್ಲಿ ನೋಡುವುದಕ್ಕೆಂದೇ ಒಬ್ಬರು ಇಲ್ಲದಿದ್ದರೆ ಮಕ್ಕಳನ್ನು ನೀರಿಗಿಳಿಸಿಲ್ಲ. ಕೋಚ್‌ನ ಕಣ್ಣು ಕಲಿಸುವ ಮಗುವಿನ ಮೇಲಿರುತ್ತದೆ, ಇರಲೇಬೇಕು. ಅದೇ ಕಣ್ಣಿನಿಂದ ಉಳಿದ ಹದಿನಾರು ಮಕ್ಕಳನ್ನೂ ನೋಡಲಾಗದು.

ಲೈಫ್‌ಗಾರ್ಡ್ ಇರುವ ಕಡೆಯೂ ಮಕ್ಕಳು ಮುಳುಗುವುದು ಯಾಕೆ ಎಂದು ಪಿಯಾ ಮುಂದೆ ವಿಚಾರ ಮಾಡಿದರು. ಅವರು ಕಂಡ ಕಾರಣಗಳು ಮೂರು: ಮುಳುಗುತ್ತಿದೆ ಎಂದು ಗುರುತಿಸದೆ ಹೋಗುವುದು, ಕಾಯುವ ಹೊತ್ತಿನಲ್ಲಿ ಬೇರೆ ಕೆಲಸ ನುಗ್ಗುವುದು, ಗಮನ ಅತ್ತಿತ್ತ ಹೋಗುವುದು. ಎರಡನೆಯದನ್ನು ನೋಡಿ. ನೋಟ್‌ಬುಕ್ ತಿದ್ದುವುದು, ಟವೆಲ್ ಹುಡುಕಿಕೊಡುವುದು, ಫೋಟೊ ತೆಗೆದು ಪೋಷಕರ ಗುಂಪಿಗೆ ಕಳಿಸುವುದು, ಎಲ್ಲವೂ ಮಾಡಬೇಕಾದ ಕೆಲಸಗಳೇ, ಎಲ್ಲವೂ ನುಗ್ಗುವ ಕೆಲಸಗಳೇ. ಹಾಗಾಗಿ ನೀವು ಇಬ್ಬರು ಟೀಚರ್‌ಗಳು ಕೆಲಸ ಹಂಚಿಕೊಳ್ಳಿ. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ಉಳಿದದ್ದೆಲ್ಲ: ಶೌಚಾಲಯ, ಅಳು, ಕಳೆದುಹೋದ ಕನ್ನಡಕ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ನೋಡಿದರೆ ಕಣ್ಣು ನೀರಿನ ಮೇಲಿದ್ದರೂ ಮನಸ್ಸು ಎಲ್ಲೋ ಇರುತ್ತದೆ. ಬದಲಾಯಿಸುವಾಗ ಬಾಯಿಬಿಟ್ಟು ಹೇಳಬೇಕು. "ಈಗ ನೀವು ನೋಡಿ" ಅಂತ ಒಬ್ಬರು, "ನಾನು ನೋಡ್ತಿದ್ದೀನಿ" ಅಂತ ಇನ್ನೊಬ್ಬರು. ಎರಡನೆಯ ಮಾತು ಕೇಳುವ ತನಕ ಮೊದಲನೆಯವರು ಕಣ್ಣು ತೆಗೆಯಕೂಡದು. ಮೊದಮೊದಲು ನಾಟಕದ ಹಾಗೆ ಅನ್ನಿಸುತ್ತದೆ, ಎರಡು ವಾರದಲ್ಲಿ ರೂಢಿಯಾಗುತ್ತದೆ.

ನೋಡುವವರು ಕೂರಬಾರದು. ನಿಂತು, ನೀರಿನ ಅಂಚಿಗೆ ಹತ್ತಿರವಾಗಿ, ಬೆಳಕಿನ ಪ್ರತಿಫಲನ ಕಣ್ಣಿಗೆ ಹೊಡೆಯದ ಕಡೆ ನಿಲ್ಲಿ. ಕೊಳದ ತಳ ಕಾಣುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ಆಳದ ಕಡೆಯ ತಳ ಸ್ಪಷ್ಟವಾಗಿ ಕಾಣದಷ್ಟು ನೀರು ಕಲಕಿದ್ದರೆ ಅವತ್ತು ತರಗತಿ ಬೇಡ. ಇದರಲ್ಲಿ ನನ್ನದು ರಾಜಿಯಿಲ್ಲದ ಅಭಿಪ್ರಾಯ. ಕಣ್ಣು ತಳದಿಂದ ಶುರುವಾಗಲಿ, ಆಮೇಲೆ ನಡುನೀರು, ಆಮೇಲೆ ಮೇಲ್ಮೈ. ತಳದಲ್ಲಿ ಟವೆಲ್ಲೋ ನೆರಳೋ ಎಂದು ಅನುಮಾನ ಬಂದರೆ ಮಗು ಎಂದೇ ತಿಳಿದು ಕೂಗಿ. ಲೈಫ್‌ಗಾರ್ಡ್‌ಗಳ ತರಬೇತಿಯಲ್ಲಿ 10/20 ಎಂಬ ಮಾತಿದೆ: ತನ್ನ ಭಾಗವನ್ನು 10 ಸೆಕೆಂಡಿನಲ್ಲಿ ಒಂದು ಸುತ್ತು ನೋಡಿ ಅಪಾಯ ಗುರುತಿಸಬೇಕು, 20 ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು. ನಿಮ್ಮ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ಒಬ್ಬ ಲೈಫ್‌ಗಾರ್ಡ್‌ಗೆ ಅದು ಸಾಧ್ಯವೇ ಎಂದು ಆಗ ತಿಳಿಯುತ್ತದೆ. ಸಾಧ್ಯವಿಲ್ಲವಾದರೆ ಮಕ್ಕಳನ್ನು ಎರಡು ತಂಡ ಮಾಡಿ, ಅರ್ಧ ನೀರಿನಲ್ಲಿ, ಅರ್ಧ ದಡದಲ್ಲಿ. ಈಜುವ ಸಮಯ ಕಡಿಮೆಯಾಯಿತೆಂದು ಪೋಷಕರು ಕೇಳಿದರೆ ಕಾರಣ ಹೇಳಿ. ಇಂಗ್ಲೆಂಡಿನ ಮಾರ್ಗಸೂಚಿಗಳಲ್ಲಿ ಹೊಸದಾಗಿ ಕಲಿಯುವವರಿಗೆ ಗರಿಷ್ಠ 12 ಮಕ್ಕಳಿಗೊಬ್ಬ ಶಿಕ್ಷಕರು ಎಂಬ ಲೆಕ್ಕವಿದೆ. ಅದನ್ನು ಗರಿಷ್ಠವೆಂದೇ ಹಿಡಿಯಿರಿ. ನಿಮ್ಮ 34 ಮಕ್ಕಳಿಗೆ ಇಬ್ಬರು ಕೋಚ್ ಸಾಲುವುದಿಲ್ಲ.

ಲೈಫ್‌ಗಾರ್ಡ್‌ಗೆ ಇಲ್ಲದ ಒಂದು ಶಕ್ತಿ ನಿಮಗಿದೆ. ನಿಮಗೆ ಈ ಮಕ್ಕಳು ಗೊತ್ತು. ಭಯವಾದರೂ "ಹೂಂ" ಅನ್ನುವವಳು ಯಾರು, ಗೆಳೆಯ ಹಾರಿದನೆಂದು ಹಾರುವವನು ಯಾರು, ಜ್ವರ ಬಿಟ್ಟು ಎರಡೇ ದಿನವಾದವರು ಯಾರು. ಬಿಡದೆ ಗಲಾಟೆ ಮಾಡುವ ಹುಡುಗ ಇದ್ದಕ್ಕಿದ್ದಂತೆ ಸುಮ್ಮನಾದರೆ ಲೈಫ್‌ಗಾರ್ಡ್‌ಗೆ ಅದರಲ್ಲಿ ವಿಶೇಷ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಇದನ್ನು ತರಗತಿಗೆ ಮೊದಲೇ ಕೋಚ್‌ಗೆ ಹೇಳಿ. ಪೋಷಕರ ಅರ್ಜಿಯಲ್ಲಿ "ಈಜು ಬರುತ್ತದೆ" ಎಂದು ಬರೆದಿದ್ದರೆ ನಂಬಬೇಡಿ. ಮಂಡಿಯುದ್ದದ ನೀರಿನಲ್ಲಿ ಆಡಿ ಬಂದ ಮಗುವಿಗೂ ಮನೆಯವರು ಹಾಗೆ ಬರೆಯುತ್ತಾರೆ, ಸುಳ್ಳು ಹೇಳಬೇಕೆಂದಲ್ಲ. ಪ್ರತಿ ಮಗುವನ್ನೂ ಮೊದಲ ದಿನ ಆಳವಿಲ್ಲದ ಕಡೆಯೇ ಪರೀಕ್ಷಿಸಿ, ಫಲಿತಾಂಶ ಟೋಪಿಯ ಬಣ್ಣದಲ್ಲಿ ಕಾಣಲಿ: ಈಜು ಬಾರದವರಿಗೆ ಕೆಂಪು, ಕಲಿಯುತ್ತಿರುವವರಿಗೆ ಹಳದಿ, ಹೀಗೆ. ಆಳದ ಕಡೆ ಕೆಂಪು ಟೋಪಿ ಕಂಡರೆ ಹೆಸರು ಗೊತ್ತಿಲ್ಲದವರೂ ಕೂಗಬಹುದು. ಈಜುಡುಗೆಯ ವಿಷಯದಲ್ಲೂ ಪೋಷಕರಿಗೆ ಒಂದು ಸಾಲು ಬರೆಯಿರಿ. ತಿಳಿನೀಲಿ, ಬಿಳಿ ಉಡುಗೆ ನೀರಿನಡಿ ಮಾಯವಾಗುತ್ತದೆ. ಕಿತ್ತಳೆಯಂಥ ಕಣ್ಣಿಗೆ ಹೊಡೆಯುವ ಬಣ್ಣ ಎದ್ದು ಕಾಣುತ್ತದೆ.

ಕಾಯಿಲೆಯ ವಿಚಾರ ಕೇಳುವಾಗ ಮೂರನ್ನು ಬಿಡಬೇಡಿ. ಮೂರ್ಛೆರೋಗವಿರುವ ಮಗು ನೀರಿಗೆ ಇಳಿಯಬಹುದು, ವೈದ್ಯರು ಒಪ್ಪಿರಬೇಕು, ಆ ಒಂದೇ ಮಗುವಿಗೆ ಒಬ್ಬರು ಕೈಗೆಟುಕುವ ದೂರದಲ್ಲಿ ಇರಬೇಕು. ಆಸ್ತಮಾ ಇದ್ದರೆ ಇನ್‌ಹೇಲರ್ ಬ್ಯಾಗಿನ ಜೊತೆ ಬೀರು ಸೇರಬಾರದು, ದಡದಲ್ಲಿ ನಿಮ್ಮ ಕೈಯಲ್ಲಿರಬೇಕು. ಮೂರನೆಯದನ್ನು ಯಾರೂ ಕೇಳುವುದಿಲ್ಲ: ಓಡುವಾಗ ಅಥವಾ ಈಜುವಾಗ ಮಗು ಯಾವತ್ತಾದರೂ ಎಚ್ಚರ ತಪ್ಪಿದೆಯೇ? ಹೃದಯದ ಲಯಕ್ಕೆ ಸಂಬಂಧಿಸಿದ ಕೆಲವು ಹುಟ್ಟುದೋಷಗಳು ಈಜುವಾಗಲೇ ಮೊದಲ ಬಾರಿ ತಲೆದೋರುತ್ತವೆ. ಹೌದು ಅಂದರೆ ವೈದ್ಯರನ್ನು ಕಂಡು ಬರುವ ತನಕ ನೀರು ಬೇಡ.

ಯಾರು ಹೆಚ್ಚು ಹೊತ್ತು ನೀರಿನಡಿ ಉಸಿರು ಕಟ್ಟುತ್ತಾರೆ ಎಂಬ ಪಂದ್ಯವನ್ನು ಪೂರ್ತಿ ನಿಲ್ಲಿಸಿ. ಮಕ್ಕಳು ಮೊದಲು ಜೋರಾಗಿ ನಾಲ್ಕಾರು ಸಲ ಉಸಿರೆಳೆದು ಬಿಡುತ್ತಾರೆ. ಅದರಿಂದ ರಕ್ತದಲ್ಲಿ ಆಮ್ಲಜನಕ ಹೇಳುವಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡಬೇಕು ಎಂಬ ಒತ್ತಡ ಹುಟ್ಟಿಸುವುದು ಆ ಇಂಗಾಲದ ಡೈಆಕ್ಸೈಡ್. ಒತ್ತಡ ಬರುವ ಮೊದಲೇ ಆಮ್ಲಜನಕ ಮುಗಿದು ಮಗು ನೀರಿನಡಿಯೇ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜುವ ಮಕ್ಕಳೇ ಇದಕ್ಕೆ ಸಿಗುವುದು, ಮತ್ತು ಅವರನ್ನೇ ನಾವು ಕಡಿಮೆ ನೋಡುವುದು. ಗಾಳಿ ತುಂಬಿದ ಟ್ಯೂಬ್, ತೋಳುಪಟ್ಟಿಗಳನ್ನೂ ರಕ್ಷಣೆ ಎಂದು ಎಣಿಸಬೇಡಿ. ಜಾರುತ್ತವೆ, ಗಾಳಿ ಹೋಗುತ್ತದೆ.

ಇನ್ನು ಎಣಿಕೆ. ಬಸ್ ಹತ್ತುವಾಗ, ಇಳಿದಾಗ, ನೀರಿಗೆ ಇಳಿಯುವ ಮುನ್ನ, ಮೇಲೆ ಬಂದ ತಕ್ಷಣ, ಬಟ್ಟೆ ಬದಲಿಸುವ ಕೋಣೆಯಿಂದ ಹೊರಟಾಗ, ಮತ್ತೆ ಬಸ್‌ನಲ್ಲಿ. ಒಬ್ಬರು ತಲೆ ಎಣಿಸಲಿ, ಇನ್ನೊಬ್ಬರು ಹೆಸರು ಕೂಗಲಿ, ಎರಡೂ ಕೂಡಬೇಕು. ನೀರಿನಲ್ಲಿರುವಾಗ ಜೋಡಿ ಪದ್ಧತಿ ಬಹಳ ಉಪಯೋಗಕ್ಕೆ ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿಗಳು ಕೈ ಹಿಡಿದು ಎತ್ತಬೇಕು, ಜೋಡಿ ಸಿಗದ ಮಗು ಕೂಡಲೇ ಕೂಗಬೇಕು. ಇದನ್ನು ದೊಡ್ಡವರು ನೋಡುವುದಕ್ಕೆ ಬದಲಿಯಾಗಿ ಇಟ್ಟುಕೊಳ್ಳಬೇಡಿ. ಒಂಬತ್ತು ವರ್ಷದ ಮಗುವಿನ ತಲೆಯ ಮೇಲೆ ಇನ್ನೊಂದು ಮಗುವಿನ ಜೀವದ ಹೊಣೆ ಹೊರಿಸುವುದು ತಪ್ಪು. ಮತ್ತೆ, ತರಗತಿ ಮುಗಿದ ಮೇಲಿನ ಐದು ನಿಮಿಷ. ಕೋಚ್ ತಿರುಗಿ ಹೊರಟಿರುತ್ತಾರೆ, ಲೈಫ್‌ಗಾರ್ಡ್ ಕುರ್ಚಿಯಿಂದ ಇಳಿದಿರುತ್ತಾರೆ, ಒಬ್ಬ ಹುಡುಗ ಮರೆತ ಕನ್ನಡಕ ತರಲು ವಾಪಸ್ ಓಡುತ್ತಾನೆ. ಕೊನೆಯ ಮಗು ಹೊರಬಂದು ಬಾಗಿಲು ಹಾಕುವ ತನಕ ನೀರಿಗೆ ಬೆನ್ನು ಹಾಕಬೇಡಿ.

ಕೆರೆಯ ವಿಷಯಕ್ಕೆ ಬರುತ್ತೇನೆ. ಈಜುಕೊಳದಲ್ಲಿ ಕಲಿತದ್ದು ಅಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ತಳ ಕಾಣದು. ಎರಡು ಹೆಜ್ಜೆ ಮಂಡಿಯುದ್ದ, ಮೂರನೆಯ ಹೆಜ್ಜೆ ತಲೆಯುದ್ದ. ಕಾಲಡಿ ಕೆಸರು, ಕಳೆ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆಯುತ್ತದೆ. ತೀರ ತಣ್ಣಗಿದ್ದರೆ ಬಿದ್ದ ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ನಾಲ್ಕು ಟೀಚರ್, 34 ಮಕ್ಕಳು, ಲೈಫ್‌ಗಾರ್ಡ್ ಇಲ್ಲ. ಈ ಲೆಕ್ಕದಲ್ಲಿ ಯಾವ ಮಗುವೂ ನೀರಿಗೆ ಇಳಿಯಬಾರದು, ಪಾದ ಒದ್ದೆ ಮಾಡಿಕೊಳ್ಳುವುದಕ್ಕೂ ಬೇಡ. ಕಾಲು ನೆನೆಸಲು ಹೋದ ಗುಂಪು ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಹೋಗುವುದು ಮಕ್ಕಳ ಸ್ವಭಾವ. ದಡದಿಂದ ಹತ್ತು ಹೆಜ್ಜೆ ಹಿಂದೆ ಹಗ್ಗ ಕಟ್ಟಿ ಅಥವಾ ಗುರುತು ಹಾಕಿ, ಆ ಗೆರೆಯ ಮೇಲೆ ನೀರಿಗೆ ಮುಖ ಮಾಡಿ ಒಬ್ಬರು ನಿಲ್ಲಿ. ದೋಣಿ ಹತ್ತಿಸುವುದಿದ್ದರೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಪ್ರತಿ ಮಗುವಿಗೂ, ದಡದಲ್ಲೇ ಹಾಕಿ, ಪಟ್ಟಿ ಬಿಗಿದು, ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯ ತನಕ ಮೇಲೆ ಬಂದರೆ ಅದು ಆ ಮಗುವಿನದಲ್ಲ. ಒಂದು ಜಾಕೆಟ್ ಕಡಿಮೆಯಾದರೂ ದೋಣಿ ಬೇಡ.

ಪ್ರವಾಸದಲ್ಲಿ ದುರಂತ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಘಟನೆಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. 1993ರ ಮಾರ್ಚ್ 22, ಇಂಗ್ಲೆಂಡಿನ ಲೈಮ್ ಕೊಲ್ಲಿ. ಪ್ಲಿಮತ್‌ನ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಅವರ ಶಿಕ್ಷಕರು, ಇಬ್ಬರು ತರಬೇತುದಾರರು ಕಯಾಕ್ ದೋಣಿಗಳಲ್ಲಿ ಹೊರಟರು. ಸ್ವಲ್ಪ ಹೊತ್ತಿಗೇ ಶಿಕ್ಷಕರ ದೋಣಿ ಮಗುಚಿತು. ಒಬ್ಬ ತರಬೇತುದಾರ ಅವರ ಸಹಾಯಕ್ಕೆ ನಿಂತರು. ಉಳಿದ ಒಬ್ಬರ ಜೊತೆ ಎಂಟೂ ಮಕ್ಕಳು ದೋಣಿಗಳನ್ನು ಒಂದಕ್ಕೊಂದು ಹಿಡಿದುಕೊಂಡು ಕಾಯುತ್ತಿದ್ದಾಗ ಗಾಳಿ ಅವರನ್ನು ಸಮುದ್ರದ ಕಡೆ ತಳ್ಳಿತು. ದೋಣಿಗಳು ಮುಳುಗಿದವು. ನೆರವು ಬರುವಾಗ ಗಂಟೆಗಳೇ ಕಳೆದಿದ್ದವು, ನಾಲ್ವರು ಮಕ್ಕಳು ಸತ್ತರು. ಇಂಥ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಗುವ ಕಾಯ್ದೆ 1995ರಲ್ಲಿ ಬಂದದ್ದು ಇದರ ಬೆನ್ನಲ್ಲೇ. ನಿಮ್ಮ ಪ್ರವಾಸದಲ್ಲೂ ಹೀಗೇ ಆಗಬಹುದು: ಒಂದು ಮಗುವಿನ ಮಂಡಿ ತರಚುತ್ತದೆ, ಇಬ್ಬರು ಟೀಚರ್ ಅತ್ತ ಓಡುತ್ತಾರೆ, ಉಳಿದ 33 ಮಕ್ಕಳ ಕಡೆ ಬೆನ್ನು. ಅದಕ್ಕೇ ನಾಲ್ವರಲ್ಲಿ ಒಬ್ಬರ ಹೆಸರು ಮೊದಲೇ ಬರೆದಿಡಿ. ಏನೇ ಆದರೂ ಅವರು ಗುಂಪನ್ನು ಬಿಟ್ಟು ಕದಲುವುದಿಲ್ಲ.

ಇನ್ನೊಬ್ಬರ ಹೆಸರಿಗೆ ಪ್ರವಾಸ ನಿಲ್ಲಿಸುವ ಅಧಿಕಾರ ಇರಲಿ, ಅದನ್ನು ಮುಖ್ಯೋಪಾಧ್ಯಾಯರು ಮಕ್ಕಳ ಪೋಷಕರಿಗೂ ತಿಳಿಸಿರಲಿ. ನ್ಯೂಜಿಲೆಂಡಿನ ಮಂಗಟೆಪೊಪೊ ಕಣಿವೆಯಲ್ಲಿ 2008ರ ಏಪ್ರಿಲ್ 15ರಂದು ಮಳೆಯಿಂದ ದಿಢೀರನೆ ಏರಿದ ಹೊಳೆ ಆರು ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂಡೊಯ್ದಿತು. ನೀವಿರುವ ಕಡೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಹೊಳೆ ಏರುತ್ತದೆ. ಬಸ್ ಬಾಡಿಗೆ ಕೊಟ್ಟಾಗಿದೆ, ಮಕ್ಕಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಈಗ ಹೇಗೆ ಬೇಡ ಅನ್ನುವುದು ಎಂಬ ಸಂಕೋಚ ಕಾಡುತ್ತದೆ. ಮೊದಲೇ ಅಧಿಕಾರ ಕೊಟ್ಟಿದ್ದರೆ ಬಾಯಿ ಬರುತ್ತದೆ. ಗುಡುಗು ಕೇಳಿಸಿದ ತಕ್ಷಣ ನೀರಿನಿಂದ, ಬಯಲಿನಿಂದ ಒಳಗೆ ಬನ್ನಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಏನಾದರೂ ಆಗೇಬಿಟ್ಟರೆ? ಈಜು ಬಾರದ ನೀವು ಹಾರಬೇಡಿ. ಇದನ್ನು ಈಗಲೇ ತೀರ್ಮಾನ ಮಾಡಿಕೊಂಡಿರಿ, ಆ ಕ್ಷಣದಲ್ಲಿ ತಾಯಿಕರುಳು ಕೇಳುವುದಿಲ್ಲ. ಉಳಿಸಲು ಹಾರಿದವರೂ ಜೊತೆಗೇ ಹೋದ ಸುದ್ದಿ ಎಷ್ಟು ಓದಿಲ್ಲ ನಾವು. ಸೀಟಿ ಊದಿ, ಬೆರಳು ತೋರಿಸಿ ಲೈಫ್‌ಗಾರ್ಡ್‌ನನ್ನು ಕೂಗಿ, ಮಗುವಿನಿಂದ ಕಣ್ಣು ಕೀಳಬೇಡಿ. ದಡಕ್ಕೆ ಹತ್ತಿರವಿದ್ದರೆ ಹೊಟ್ಟೆಯ ಮೇಲೆ ಮಲಗಿ ಕೋಲು, ದುಪಟ್ಟಾ, ಟವೆಲ್ ಚಾಚಿ. ನಿಂತು ಚಾಚಿದರೆ ಮಗು ನಿಮ್ಮನ್ನೇ ಎಳೆದುಕೊಳ್ಳುತ್ತದೆ. ದೂರವಿದ್ದರೆ ತೇಲುವ ಯಾವುದನ್ನಾದರೂ ಎಸೆಯಿರಿ: ಕಿಕ್‌ಬೋರ್ಡ್, ಮುಚ್ಚಳ ಬಿಗಿದ ಖಾಲಿ ಕ್ಯಾನ್. ಕೆರೆಗೆ ಹೋಗುವಾಗ ಅಂಥ ಒಂದು ಕ್ಯಾನ್‌ಗೆ ಹದಿನೈದು ಮೀಟರ್ ಹಗ್ಗ ಕಟ್ಟಿ ಬಸ್ಸಿನಲ್ಲಿಟ್ಟುಕೊಳ್ಳಿ, ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಹತ್ತು ಸಲ ಎಸೆದು ಅಭ್ಯಾಸ ಮಾಡಿ. ಮಕ್ಕಳನ್ನು ಕೈ ಕೈ ಹಿಡಿಸಿ ಸಾಲಾಗಿ ನೀರಿಗೆ ಇಳಿಸುವುದಂತೂ ಎಂದಿಗೂ ಬೇಡ.

ಮೇಲೆ ತಂದ ಮಗುವಿಗೆ ಉಸಿರಿಲ್ಲದಿದ್ದರೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಎತ್ತಿ ತಿರುಗಿಸುವುದು, ಇವು ಯಾವುವೂ ಬೇಡ. ಸಮಯ ಹಾಳು, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಮುಳುಗಿದ ಮಗುವಿನ ಕೊರತೆ ಆಮ್ಲಜನಕದ್ದು, ಹಾಗಾಗಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಯುರೋಪಿನ ಮಾರ್ಗಸೂಚಿಯಲ್ಲಿ ಆರಂಭಕ್ಕೆ 5 ಉಸಿರು, ಅಮೆರಿಕದ್ದರಲ್ಲಿ 2. ಆಮೇಲೆ ಎದೆ ಒತ್ತುವುದು, ಒಬ್ಬರೇ ಇದ್ದರೆ 30 ಸಲ ಒತ್ತಿ 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಅದೇ ಹೊತ್ತಿಗೆ ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಓದಿ ಬರುವ ವಿದ್ಯೆ ಅಲ್ಲ ಇದು. ಪ್ರವಾಸಕ್ಕೆ ಇನ್ನೂ ಒಂದು ತಿಂಗಳಿದೆ; ನೀವು ನಾಲ್ವರೂ ಅಷ್ಟರಲ್ಲಿ ಹೀಗೆ ಉಸಿರು ಕೊಟ್ಟು ಎದೆ ಒತ್ತುವ ಸಿಪಿಆರ್‌ನಲ್ಲಿ ಒಂದು ದಿನದ ತರಬೇತಿ ಪಡೆಯಿರಿ, ಬೊಂಬೆಯ ಎದೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ.

ಕೊನೆಗೆ, ಹೋದ ವಾರದ ನಿಮ್ಮ ಹುಡುಗ. ನೀರು ಕುಡಿದು ಕೆಮ್ಮಿದ ಮಗು ಕೆಲವೇ ನಿಮಿಷದಲ್ಲಿ ಸರಿಯಾಗಿ ಮೊದಲಿನ ಹಾಗೆ ಆಡತೊಡಗಿದರೆ ಹೆದರಬೇಕಿಲ್ಲ. ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಅಸಹಜವಾಗಿ ಮಂಕಾದರೆ, ನೀರಿನಡಿ ಕ್ಷಣಕಾಲ ಎಚ್ಚರ ತಪ್ಪಿದ್ದರೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು, ಸಂಜೆ ನೋಡೋಣ ಅನ್ನಬಾರದು. ಅವನು ಈಗ ಚೆನ್ನಾಗಿದ್ದಾನೆ ಎಂದುಕೊಂಡಿದ್ದೇನೆ. ಆದರೂ ಅವನನ್ನು ಪಕ್ಕಕ್ಕೆ ಕರೆದು ಅವತ್ತು ಎಲ್ಲಿದ್ದ, ಕಾಲು ನೆಲಕ್ಕೆ ಸಿಗುತ್ತಿತ್ತೇ, ಯಾರಾದರೂ ಮೇಲೆ ಹತ್ತಿದರೇ ಎಂದು ನಿಧಾನವಾಗಿ ಕೇಳಿ. ಬೈಯುತ್ತೀರೆಂದು ಅನ್ನಿಸಿದರೆ ಹೇಳುವುದಿಲ್ಲ. ಅವನು ಹೇಳಿದ್ದನ್ನು ಬರೆದಿಟ್ಟು ಇಬ್ಬರು ಕೋಚ್‌ಗಳಿಗೂ ಲೈಫ್‌ಗಾರ್ಡ್‌ಗೂ ಓದಿ ಹೇಳಿ, ಮುಂದಿನ ವಾರ ಅವನು ನಿಂತಿದ್ದ ಜಾಗಕ್ಕೆ ನೇರವಾಗಿ ದಡದಲ್ಲಿ ನೀವು ನಿಲ್ಲಿ. ಅವನ ಮನೆಗೆ ಇನ್ನೂ ಫೋನ್ ಮಾಡಿಲ್ಲವಾದರೆ ಇವತ್ತೇ ಮಾಡಿ.